ರಾತ್ರಿ ಹೊಲಕ್ಕ ಹೋಗೋರು ಟಾರ್ಚ್ ತಗೊಳ್ಳೋ ಮುಂದ ಇಷ್ಟು ನೋಡ್ರಿ

ಮುಧೋಳ, ಜಮಖಂಡಿ ಕಡೆ ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯ್ಸಾಕ ಹೋಗೋರಿಗೆ ಅಂಗೈಯಾಗ ಹಿಡಿಯುವಂಥ ಅಲ್ಯೂಮಿನಿಯಂ ಟಾರ್ಚೇ ಛಲೋ. ಸಣ್ಣ ಟಾರ್ಚಿನ ಡಬ್ಬಿ ಮ್ಯಾಲ 50,000 ಲ್ಯೂಮೆನ್ (ಟಾರ್ಚ್ ಕೊಡೋ ಒಟ್ಟು ಬೆಳಕಿನ ಅಳತಿ) ಅಂತ ಬರದಿದ್ರ ಅಲ್ಲೇ ಬಿಟ್ಟು ಬರ್ರಿ. ಅಷ್ಟು ಬೆಳಕಿನ ಕಾವು ಆ ಬಾಡಿ ತಡಿಯಂಗಿಲ್ಲ. ಬದುವಿನ ಮ್ಯಾಲ ನಡಿಯಾಕ 200–300 ಲ್ಯೂಮೆನ್ ಸಾಕು. ಬೆಳಕು ದೂರ ಬೀಳಬೇಕಂದ್ರ ಕ್ಯಾಂಡೆಲಾ, ಅಂದ್ರ ಒಂದ ದಿಕ್ಕಿಗೆ ಬೀಳೋ ಬೆಳಕಿನ ಬಿರುಸು, ಎಷ್ಟೈತಿ ಕೇಳ್ರಿ.

ಖರೇ ಮೋಸ ಇರೋದು ಸೆಲ್ಲಿನಾಗ. 18650 ಅನ್ನೋ ಚಾರ್ಜ್ ಮಾಡೋ ಲಿಥಿಯಂ ಸೆಲ್ ಬಿಚ್ಚಿ ಬದಲಿಸೋ ಹಂಗಿರಬೇಕು. ಒಳಗ ಮುಚ್ಚಿಬಿಟ್ಟಿದ್ರ ಸೆಲ್ ಸತ್ತ ಮ್ಯಾಲ ಟಾರ್ಚೂ ಗುಜರಿಗೇ. ಛಲೋ ಸೆಲ್ ಸಾಮಾನ್ಯವಾಗಿ 2,500ರಿಂದ 3,500 ಎಂಎಎಚ್ (ಸೆಲ್ಲಿನಾಗ ಹಿಡಿಯೋ ಚಾರ್ಜಿನ ಅಳತಿ) ಇರತಾವು. 9,900 ಅಂತ ಬರದದ್ದು ಶುದ್ಧ ಸುಳ್ಳು. ನಮ್ಮ ಬ್ಯಾಸಿಗಿ ಬಿಸಿಲಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲಂತೂ ಇಡಬ್ಯಾಡ್ರಿ, ಲಿಥಿಯಂ ಸೆಲ್ಲಿಗೆ ಕಾವು ಆಗಿಬರಂಗಿಲ್ಲ.

ಐಪಿಎಕ್ಸ್‌4 (ನೀರು ತಡಿಯೋ ತಾಕತ್ತಿನ ಗುರ್ತು) ಇದ್ರ ನೀರು ಸಿಡಿದ್ರ ಅಷ್ಟ ತಡೀತೈತಿ. ಐಪಿಎಕ್ಸ್‌7 ಇದ್ರ 1 ಮೀಟರ್ ನೀರಾಗ 30 ನಿಮಿಷ ಬಿದ್ದಿದ್ರೂ ಚಿಂತಿಲ್ಲ, ಕಾಲುವಿ ದಾಟೋರು ಇದನ್ನ ತಗೋರಿ. ಸ್ವಿಚ್ ಹಿಂದಿನ ತುದಿಗಿದ್ರ ಕತ್ತಲದಾಗ ಹುಡುಕೋದು ಬ್ಯಾಡ, ಒಂದು ಕೈಯಾಗ ಸಲಿಕಿ ಹೆಂಗೂ ಇರತೈತಿ. ಜೂಮ್ ಮಾಡೋ ಟಾರ್ಚಿಗೆ ಸಂದ್ಯಾಗ ಧೂಳು, ನೀರು ಹೊಕ್ಕೋತಾವು, ನನಗಂತೂ ಅವು ಸೇರಂಗಿಲ್ಲ.