ಮೆಲುಕು ಬಿಟ್ಟ ಎತ್ತಿಗೆ ಇನ್ನೊಂದರ ಹೊಟ್ಟೆಯ ರಸ: ನನ್ನ ಅನುಭವ

ಕಳೆದ ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಭಾಲ್ಕಿ ಕಡೆಯ ಹಳ್ಳಿಯಿಂದ ಫೋನ್ ಬಂತು. "ಸಾಹೇಬ್ರ, ಎತ್ತು ನಿನ್ನಿ ರಾತ್ರಿಯಿಂದ ಮೆಲುಕು ಹಾಕವಲ್ದು. ನಿಮ್ಮ ಆ ರಸ ತಗೊಂಡ್ ಬರ್ರಿ."

ಇಂಜೆಕ್ಷನ್ ತರ್ರಿ ಅನ್ನಲಿಲ್ಲ, ರಸ ತರ್ರಿ ಅಂದ. ಆರು ವರ್ಷದ ಹಿಂದೆ ಇದೇ ಊರಿನ ಕಟ್ಟೆಯ ಮೇಲೆ ಕೂತವರು ನನ್ನ ಹಾಲಿನ ಕ್ಯಾನ್ ನೋಡಿ ನಕ್ಕಿದ್ದರು. ಇಲಾಖೆಯಲ್ಲಿ ನನಗಿಂತ ಹಿರಿಯರೊಬ್ಬರು, "ಏನಪಾ, ಒಂದರ ವಾಂತಿ ಇನ್ನೊಂದಕ್ಕ ಕುಡಸ್ಲಿಕತ್ತೀಯಂತ?" ಅಂತ ಮೀಟಿಂಗಿನಲ್ಲೇ ಕೇಳಿದ್ದರು. ಈಗ ಅವರೇ ಕೇಸ್ ಕಳಿಸುತ್ತಾರೆ. ಆದ್ದರಿಂದ ಬರೆದುಬಿಡೋಣ ಅನ್ನಿಸಿತು.

ಓದುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಬೈಕ್ ಮೇಲೆ ಊರೂರು ಸುತ್ತುವ ಪಶುವೈದ್ಯರೇ ಇರುತ್ತೀರಿ. ಅಸಿಡೋಸಿಸ್, ಅಂದರೆ ಕಾಳು-ಅನ್ನ ಜಾಸ್ತಿ ತಿಂದು ಹೊಟ್ಟೆ ಹುಳಿಯಾಗುವ ರೋಗದ ಪಾಠ ಹೇಳುವುದಿಲ್ಲ. ನಮ್ಮ ಕಡೆ ಅದು ಬರುವ ದಾರಿಗಳು ನಿಮಗೂ ಗೊತ್ತು. ರಾಶಿ ಹೊತ್ತಿನಲ್ಲಿ ಹಗ್ಗ ಬಿಚ್ಚಿಕೊಂಡ ಎತ್ತು ಜೋಳದ ಚೀಲಕ್ಕೆ ಬಾಯಿ ಹಾಕುವುದು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು "ದನಾನಾದ್ರೂ ತಿನ್ಲಿ" ಅಂತ ಬುಟ್ಟಿಗಟ್ಟಲೆ ಸುರಿಯುವುದು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಉಂಡ ಮೇಲೆ ಉಳಿದ ಕಡಬು, ಅನ್ನ, ಹೋಳಿಗೆ ಎಲ್ಲ ಪ್ರೀತಿಯಿಂದ ಎತ್ತಿನ ಮುಂದೆ. ಪ್ರೀತಿಯಿಂದ ಸತ್ತ ಎತ್ತುಗಳನ್ನು ನಾನು ಬಹಳ ನೋಡಿದ್ದೇನೆ.

ಸಲೈನ್, ಸೋಡಾ (ಸೋಡಿಯಂ ಬೈಕಾರ್ಬೊನೇಟ್), ವಿಟಮಿನ್ ಬಿ1 ಕೊಟ್ಟು ಜೀವ ಉಳಿಸುತ್ತೇವೆ. ಆದರೆ ಎತ್ತು ಎದ್ದು ನಿಂತರೂ ವಾರಗಟ್ಟಲೆ ಮೇವು ಮುಟ್ಟುವುದಿಲ್ಲ. ಹೊಟ್ಟೆಯೊಳಗಿನ ಜೀವಿಗಳೇ ಸತ್ತುಹೋಗಿರುತ್ತವೆ, ಕಣಕಿ (ಜೋಳದ ಒಣ ದಂಟು) ಅರಗಿಸುವವರು ಯಾರು? ಆ ಜೀವಿಗಳನ್ನು ಚೆನ್ನಾಗಿ ಮೆಲುಕು ಹಾಕುವ ದನದಿಂದ ತಂದು ಹಾಕುವುದು, ಅಷ್ಟೇ. ಪುಸ್ತಕದಲ್ಲಿ ಇದು ಟ್ರಾನ್ಸ್‌ಫಾನೇಶನ್. ಹಳೆಯ ವಿದ್ಯೆ. ಇಟಲಿಯ ಫ್ಯಾಬ್ರಿಸಿಯಸ್ ಎಂಬ ವೈದ್ಯ ಸುಮಾರು 400 ವರ್ಷದ ಹಿಂದೆಯೇ ಇದನ್ನು ಹೇಳಿದ್ದಾನೆ. ನಮ್ಮಜ್ಜನೂ ಮೆಲುಕು ಹಾಕುತ್ತಿದ್ದ ಆಕಳ ಬಾಯಿಂದ ಉಂಡೆ ಕಸಿದು ಇನ್ನೊಂದರ ಬಾಯಿಗೆ ತುರುಕುತ್ತಿದ್ದ. ಅವನ ತೋರುಬೆರಳಿನ ತುದಿ ಸೊಟ್ಟಗಿತ್ತು. ಯಾಕೆ ಅಂತ ನನಗೆ ಕಾಲೇಜು ಮುಗಿಸಿದ ಮೇಲೆ ಹೊಳೆಯಿತು.

ಮೊದಲ ವರ್ಷ ಹೆಚ್ಚೂಕಡಿಮೆ ಏಳು ಕೇಸ್ ಮಾಡಿದೆ. ನಾಲ್ಕು ಸತ್ತವು. ಇದನ್ನು ಮುಚ್ಚಿಡುವುದಿಲ್ಲ.

ಮೊದಲನೆಯದಕ್ಕೆ ರಸ ಎಲ್ಲಿಂದ ತರುವುದು ಅಂತಲೇ ಗೊತ್ತಿರಲಿಲ್ಲ. ರಸ ತೆಗೆಯಲೆಂದೇ ಹೊಟ್ಟೆಗೆ ಕಿಟಕಿ ಇಟ್ಟ ದನ ವಿಶ್ವವಿದ್ಯಾಲಯಗಳಲ್ಲಿ ಇರುತ್ತದೆ, ನಮ್ಮ ಆಸ್ಪತ್ರೆಯಲ್ಲಿ ತಗಡು ಸೋರದಿದ್ದರೆ ಸಾಕು. ಕಸಾಯಿಖಾನೆಯಿಂದ ಎಮ್ಮೆಯ ರಸ ತಂದೆ. ಆರೇಳು ಲೀಟರ್ ಇತ್ತು. ಎತ್ತಿಗೆ ಹಾಕಿದೆ. ಏನೂ ಆಗಲಿಲ್ಲ, ಮೂರನೇ ದಿನ ಹೋಯಿತು. ಆಮೇಲೆ ಕಂಪೌಂಡರ್ ಹೇಳಿದ, ಆ ಎಮ್ಮೆಯನ್ನು ಎರಡು ದಿನದಿಂದ ಮೇವಿಲ್ಲದೆ ಕಟ್ಟಿದ್ದರಂತೆ. ಉಪವಾಸ ಬಿದ್ದ ಹೊಟ್ಟೆಯಲ್ಲಿ ಪ್ರೊಟೊಜೋವಾ, ಅಂದರೆ ಓಡಾಡುವ ಏಕಕೋಶ ಜೀವಿಗಳು, ಎಲ್ಲಿಂದ ಬರಬೇಕು? ನಾನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಇರಲಿಲ್ಲ. ಬಣ್ಣ ಹಸಿರಾಗಿದೆ, ಸಾಕು ಅಂದುಕೊಂಡಿದ್ದೆ.

ಎರಡನೆಯದು ಇನ್ನೂ ನೋವಿನದು. ಹಾಲು ಕೊಡುವ ಹಸು, ಬಡವರ ಮನೆ. ಹೊಟ್ಟೆಗೆ ಇಳಿಸುವ ನಳಿಕೆ ತರಲು ಮರೆತಿದ್ದೆ. ಮನೆಯವರ ಹತ್ತಿರ ದನದ ಬಾಯಿಗೆ ಔಷಧಿ ಸುರಿಯುವ ಗೊಟ್ಟ ಇತ್ತು, ಬಿದಿರಿನದು. ಗೊಟ್ಟದಲ್ಲೇ ಕುಡಿಸೋಣ ಅಂದೆ. ನಿತ್ರಾಣ ಆದ ಹಸು, ನುಂಗುವ ಶಕ್ತಿ ಇಲ್ಲ, ಅರ್ಧ ರಸ ಶ್ವಾಸಕ್ಕೆ ಹೋಯಿತು. ಐದು ದಿನ ನ್ಯುಮೋನಿಯಾ ಜೊತೆ ಗುದ್ದಾಡಿ ಸತ್ತಿತು. ನಾನು ನನ್ನ ಜೇಬಿಂದ ಹದಿನೈದು ಸಾವಿರ ಕೊಟ್ಟೆ. ಹಸುವಿನ ಬೆಲೆ ಅದರ ಮೂರು ಪಟ್ಟು. ಅವರು ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಅವತ್ತಿನಿಂದ ಗೊಟ್ಟ ಮುಟ್ಟಿಲ್ಲ. ಬಾಯಿ ತೆರೆದಿಡಲು ಗ್ಯಾಗ್, ಹೊಟ್ಟೆಗೆ ನಳಿಕೆ, ನಳಿಕೆ ಎಲ್ಲಿದೆ ಅಂತ ಎರಡು ಸಲ ಖಾತ್ರಿ.

ಇನ್ನೆರಡರಲ್ಲಿ ಮಾಡಿದ ತಪ್ಪು ಒಂದೇ, ಮತ್ತು ಅದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅವಸರ. ಹೊಟ್ಟೆ ಇನ್ನೂ ಹುಳಿಯಾಗಿರುವಾಗಲೇ ರಸ ಸುರಿದಿದ್ದೆ. ಹುಳಿಯ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 5ರ ಕೆಳಗಿದ್ದರೆ ನೀವು ಹಾಕುವ ಒಳ್ಳೆಯ ಜೀವಿಗಳೂ ಸಾಯುತ್ತವೆ. ಬೆಂಕಿ ಆರುವ ಮುಂಚೆ ಮನೆಗೆ ಬಾಡಿಗೆದಾರರನ್ನು ಕರೆತಂದ ಹಾಗೆ. ಈಗ ನನ್ನ ಕ್ರಮ ಬರೋಬ್ಬರಿ ಒಂದೇ. ಮೊದಲು ನಳಿಕೆ ಹಾಕಿ ಹುಳಿ ರಸ ಆದಷ್ಟು ಹೊರಗೆ, ಬೆಚ್ಚನೆ ನೀರು ಒಳಗೆ, ಮತ್ತೆ ಹೊರಗೆ. ಆಮೇಲೆ ಸೋಡಾ. ಪಿಎಚ್ 6 ದಾಟಿದ ಮೇಲೆ ಮಾತ್ರ ಕ್ಯಾನ್ ಮುಚ್ಚಳ ತೆಗೆಯುವುದು. ಕೆಲವೊಮ್ಮೆ ಇದಕ್ಕೆ ಒಂದು ಇಡೀ ದಿನ ಹಿಡಿಯುತ್ತದೆ. ಮನೆಯವರು ಅವಸರ ಮಾಡುತ್ತಾರೆ, ನೀವು ಮಾಡಬೇಡಿ. ಪಿಎಚ್ ಪಟ್ಟಿ ನೋಡುವಾಗ ಮೊದಲು ಬಂದ ರಸ ಚೆಲ್ಲಿಬಿಡಿ. ಅದರಲ್ಲಿ ಜೊಲ್ಲು ಸೇರಿರುತ್ತದೆ, ಸುಳ್ಳು ಹೇಳುತ್ತದೆ.

ಇನ್ನು ರಸ ಎತ್ತುವ ಪಂಪು. ಕಂಪನಿ ಪಂಪು ಹತ್ತಾರು ಸಾವಿರ. ನಾನು ಬೀದರ್‌ನಲ್ಲಿ ಡ್ರಮ್ಮಿನಿಂದ ಡೀಸೆಲ್ ಎತ್ತುವ ಹೊಸ ಕೈಪಂಪು ತಂದೆ, ಒಂಬೈನೂರೋ ಸಾವಿರವೋ. ನಳಿಕೆಯ ತುದಿಗೆ ತೂತು ಕೊರೆದ ಸ್ಟೀಲ್ ತುದಿ ಬೆಸುಗೆ ಹಾಕಿಸಿದೆ, ಇಲ್ಲದಿದ್ದರೆ ಕಣಕಿಯ ಚೂರು ಸಿಕ್ಕಿಕೊಳ್ಳುತ್ತದೆ. ತೂತು ಎಷ್ಟು ದೊಡ್ಡದು, ಎಲ್ಲಿ ಎಲ್ಲಿ ಅಂತ ಮಾತ್ರ ಕೇಳಬೇಡಿ. ನಾಲ್ಕು ತುದಿ ಹಾಳು ಮಾಡಿ ಕಲಿತಿದ್ದೇನೆ, ನೀವೂ ಒಂದೆರಡು ಹಾಳು ಮಾಡಿ.

ರಸ ಕೊಡುವ ದಾನಿ ನಮ್ಮ ದೇವಣಿ ತಳಿಯ ಎತ್ತು. ಕಣಕಿ, ತೊಗರಿ ಹೊಟ್ಟು ತಿಂದು ಮಧ್ಯಾಹ್ನ ನೆರಳಲ್ಲಿ ಮೆಲುಕು ಹಾಕುತ್ತಾ ಮಲಗಿರುವ ಎತ್ತು. ಜಾಸ್ತಿ ಹಿಂಡಿ ತಿನ್ನುವ ದನ ನನಗೆ ಬೇಡ. ತಿಂಗಳೊಳಗೆ ಆಂಟಿಬಯಾಟಿಕ್ ತಗೊಂಡಿರಬಾರದು. ಬ್ರುಸೆಲ್ಲಾ, ಟಿಬಿ, ಜೋನ್ಸ್ ಎಂಬ ಅಂಟುರೋಗಗಳ ಪರೀಕ್ಷೆ ಆಗಿರಬೇಕು. ಒಂದರ ರೋಗ ಇನ್ನೊಂದಕ್ಕೆ ದಾಟಿಸಿದರೆ ಆ ಪಾಪ ನಮ್ಮದೇ. ಮೊದಲ ದಾನಿ ಎತ್ತಿಗೆ ಮೂಗಿನಿಂದ ನಳಿಕೆ ಹಾಕಲು ಹೋಗಿ ರಕ್ತ ಬಂತು. ಒಡೆಯ ನನ್ನನ್ನು ಅಟ್ಟಿಸಿಕೊಂಡು ಬಂದ, ಇನ್ನೂ ಆ ಓಣಿಯಲ್ಲಿ ಬೈಕ್ ನಿಧಾನ ಮಾಡುವುದಿಲ್ಲ.

ತೆಗೆದ ರಸವನ್ನು ಹಳೆಯ ಧೋತರದಲ್ಲಿ ಸೋಸಿ ಹಾಲಿನ ಕ್ಯಾನಿಗೆ. ಕಂಠಮಟ್ಟ ತುಂಬಬೇಕು, ಗಾಳಿಗೆ ಜಾಗ ಇರಬಾರದು. ಸುತ್ತ ಕಂಬಳಿ. ಗಾಳಿ ಮತ್ತು ತಂಪು, ಇವೆರಡೂ ಶತ್ರು. ಅರ್ಧ ಗಂಟೆಯಲ್ಲಿ ತಲುಪಿದರೆ ಒಳ್ಳೆಯದು, ಒಂದು ಗಂಟೆಯವರೆಗೂ ನಡೆದಿದೆ. ಹಾಕುವ ಮುಂಚೆ ಬೆಚ್ಚಗಿನ ಸ್ಲೈಡಿನ ಮೇಲೆ ಒಂದು ಹನಿ. ಜಾತ್ರೆಯ ಹಾಗೆ ಓಡಾಟ ಕಾಣಬೇಕು. ಓಡಾಟ ಇಲ್ಲದಿದ್ದರೆ ಚೆಲ್ಲಿ, ವಾಪಸ್ ಹೋಗಿ. ಕ್ಯಾನಿನಲ್ಲಿ ಒಂದು ಮುಷ್ಟಿ ಇನ್ನೊಂದು ವಸ್ತುವನ್ನೂ ಹಾಕುತ್ತೇನೆ, ಪ್ರತಿ ಮನೆಯ ಅಡುಗೆ ಕೋಣೆಯಲ್ಲಿ ಸಿಗುವಂಥದ್ದು. ಅದು ನನ್ನ ಹತ್ತಿರವೇ ಇರಲಿ.

ಪ್ರಮಾಣದಲ್ಲಿ ಜಿಪುಣತನ ಬೇಡ. ಮೂರು ಲೀಟರ್ ಹಾಕಿ "ಕೆಲಸ ಮಾಡಲಿಲ್ಲ" ಅನ್ನುವವರು ಬಹಳ ಜನ. ದೊಡ್ಡ ದನಕ್ಕೆ ನಾನು ಎಂಟು ಲೀಟರಿಗೆ ಕಡಿಮೆ ಹಾಕುವುದಿಲ್ಲ, ಸಿಕ್ಕರೆ ಹತ್ತು ಹನ್ನೆರಡು. ಆಡಿಗೆ ಒಂದು ಲೀಟರ್. ಮರುದಿನ ಇನ್ನೊಮ್ಮೆ. ಮುಂದಿನ ಮೂರು ದಿನ ಬರೀ ಒಣ ಮೇವು, ಹಿಂಡಿಯ ವಾಸನೆಯೂ ಬೇಡ.

ಆರು ವರ್ಷದಲ್ಲಿ ಎಲ್ಲ ಸೇರಿ ಅರವತ್ತರ ಹತ್ತಿರ ಕೇಸ್ ಆಗಿರಬೇಕು, ಡೈರಿ ಮಳೆಯಲ್ಲಿ ನೆನೆದು ಹಾಳಾಯಿತು. ಕೊನೆಯ ಇಪ್ಪತ್ತರಲ್ಲಿ ಹದಿನಾರೋ ಹದಿನೇಳೋ ಮೂರನೇ ದಿನದೊಳಗೆ ಮೆಲುಕು ಹಾಕಿವೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಜೋಳ ತಿಂದವಕ್ಕಲ್ಲ. ಅಂಗಡಿಯಿಂದ ತಂದ ಸಲ್ಫಾ ಗುಳಿಗೆಯನ್ನೋ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ಕನ್ನೋ ಮನೆಯವರೇ ನಾಲ್ಕು ದಿನ ಕುಡಿಸಿ ಹೊಟ್ಟೆ ಬಂಜರು ಮಾಡಿದ ದನಗಳಿಗೆ. ಅಲ್ಲಿ ಒಂದೇ ಸಲಕ್ಕೆ ಫಲ. ದುಡ್ಡಿನ ಲೆಕ್ಕ ಹೇಳುವುದಾದರೆ, ಮೊದಲು ಅಂಥ ದನಕ್ಕೆ ವಾರದ ಔಷಧಿ ಮೂರು ನಾಲ್ಕು ಸಾವಿರ ಆಗುತ್ತಿತ್ತು. ಈಗ ಪೆಟ್ರೋಲು, ದಾನಿ ಎತ್ತಿನ ಒಡೆಯನಿಗೆ ಇನ್ನೂರು, ಸೋಡಾ, ಎಲ್ಲ ಸೇರಿ ಆರುನೂರು ದಾಟುವುದಿಲ್ಲ.

ನಡುವೆ ಕೆಲವು ಆಟಗಳನ್ನೂ ಆಡಿದೆ. ರಸವನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟೆ, ಅರ್ಧಂಬರ್ಧ ಕೆಲಸ ಮಾಡಿತು. ಫ್ರೀಜರಿನಲ್ಲಿ ಇಟ್ಟೆ, ಪ್ರೊಟೊಜೋವಾ ಪೂರ್ತಿ ಖಲಾಸ್, ಮನೆಯಲ್ಲಿ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿ ಮಾರಬಹುದಾ ಅಂತಲೂ ಕನಸು ಕಂಡೆ. ಸುಮ್ನೆ ಹೊಲಸು ವಾಸನೆ. ಆಡಿಗೆ ಮಟನ್ ಅಂಗಡಿಯ ರಸ ಸಾಕು, ಬೆಳಿಗ್ಗೆ ಐದಕ್ಕೆ ಹೋಗಬೇಕು ಅಷ್ಟೇ. ಸುಬಾಬುಲ್ ಮರದ ಸೊಪ್ಪು ತಿಂದು ಅದರ ವಿಷಕ್ಕೆ ಕೂದಲು ಉದುರುತ್ತಿದ್ದ ಆಡುಗಳಿಗೂ ಹಾಕಿ ನೋಡಿದೆ. ಆ ಯೋಚನೆ ನನ್ನದಲ್ಲ. ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ಹವಾಯಿಯ ಆಡಿನ ಹೊಟ್ಟೆಯ ಜೀವಿಗಳನ್ನು ತಮ್ಮ ದೇಶದ ಆಡುಗಳಿಗೆ ಹಾಕಿ ಸುಬಾಬುಲ್ ವಿಷ ತಡೆಯುವಂತೆ ಮಾಡಿದ್ದರು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಅವರ ಹೆಸರನ್ನೇ ಇಟ್ಟರು, ಸಿನರ್ಜಿಸ್ಟಿಸ್ ಜೋನ್ಸಿಯೈ. ನನ್ನ ಆಡುಗಳು ಸುಧಾರಿಸಿದವು. ಆದರೆ ಒಡೆಯ ಅಷ್ಟರಲ್ಲಿ ಸುಬಾಬುಲ್ ಹಾಕುವುದನ್ನೇ ನಿಲ್ಲಿಸಿದ್ದ, ಹಾಗಾಗಿ ಅದನ್ನು ನನ್ನ ಖಾತೆಗೆ ಬರೆದುಕೊಳ್ಳುವುದಿಲ್ಲ.

ಕರುಗಳ ವಿಷಯದಲ್ಲಿ ಸೋತೆ. ನಿಲ್ಲದ ಭೇದಿಗೆ ಆರೋಗ್ಯವಾಗಿದ್ದ ಕರುವಿನ ಸೆಗಣಿಯನ್ನು ಸಲೈನಿನಲ್ಲಿ ಕದಡಿ ಸೋಸಿ ಮೂರು ಕರುಗಳಿಗೆ ಕೊಟ್ಟೆ. ಒಂದು ಚೇತರಿಸಿತು, ಒಂದಕ್ಕೆ ಏನೂ ಆಗಲಿಲ್ಲ, ಒಂದು ಸತ್ತಿತು. ಮೂರಕ್ಕೆ ನಿಲ್ಲಿಸಿದೆ.

ಈ ಕರುಗಳ ಕಥೆಯನ್ನು ಕಲಬುರಗಿಯಲ್ಲಿರುವ ನನ್ನ ಗೆಳೆಯನಿಗೆ ಹೇಳಿದೆ. ಅವನು ಮನುಷ್ಯರ ಹೊಟ್ಟೆ ಡಾಕ್ಟರ್. "ಲೇ, ಇದನ್ನ ನಾವೂ ಮಾಡ್ತೀವಿ, ಮಲ ಕಸಿ ಅಂತೀವಿ" ಅಂದ. ನನಗೆ ಕಿವಿ ನೆಟ್ಟಗಾಯಿತು. ಯಾಕಂದರೆ ನನಗೇ ಹನ್ನೆರಡು ವರ್ಷದಿಂದ ಐಬಿಎಸ್, ಪದೇ ಪದೇ ಹೊಟ್ಟೆ ಕೆಡುವ ಕರುಳಿನ ತೊಂದರೆ. ಮೀಟಿಂಗ್ ಇದ್ದ ದಿನ ಬೆಳಿಗ್ಗೆ ನಾಲ್ಕು ಸಲ, ಬೈಕ್ ಹತ್ತುವ ಮುಂಚೆ ಇನ್ನೊಂದು ಸಲ. ಊರೂರಿನ ಶೌಚಾಲಯದ ನಕ್ಷೆ ನನ್ನ ತಲೆಯಲ್ಲಿದೆ. ಎತ್ತಿಗೆ ಆಗುವುದು ನನಗೆ ಯಾಕಾಗಬಾರದು?

ಗೆಳೆಯ ನಕ್ಕು ಚಹಾ ತರಿಸಿ ಒಂದೊಂದೇ ಬಿಡಿಸಿದ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್ಮನ್ ಎಂಬ ಸರ್ಜನ್ ಆಂಟಿಬಯಾಟಿಕ್‌ನಿಂದ ಕರುಳು ಹಾಳಾದ ನಾಲ್ಕು ರೋಗಿಗಳಿಗೆ ಇದನ್ನು ಎನಿಮಾ ಮೂಲಕ ಕೊಟ್ಟು ಉಳಿಸಿದ್ದರು. ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದಿಂದ ಪದೇ ಪದೇ ಬರುವ ಭೇದಿಗೆ ಇವತ್ತು ಇದು ಒಪ್ಪಿತ ಚಿಕಿತ್ಸೆ. 2013ರ ಡಚ್ ಪ್ರಯೋಗದಲ್ಲಿ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ನನ್ನ ಟೆಟ್ರಾಸೈಕ್ಲಿನ್ ದನಗಳ ಕಥೆಯೇ ಅಲ್ವಾ, ಅಂದೆ. ಹೌದು ಅಂದ.

"ಆದ್ರ ಐಬಿಎಸ್ ಬ್ಯಾರೆ ಪ್ರಾಣಿ" ಅಂದ. ನಾರ್ವೆಯಲ್ಲಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 165 ರೋಗಿಗಳು, ಚೆನ್ನಾಗಿ ಆರಿಸಿದ ಒಬ್ಬನೇ ದಾನಿ. ಆ ದಾನಿಯ ಮಲ 60 ಗ್ರಾಂ ಪಡೆದವರಲ್ಲಿ ಸುಮಾರು ನೂರಕ್ಕೆ 89, 30 ಗ್ರಾಂ ಪಡೆದವರಲ್ಲಿ 77, ತಮ್ಮದೇ ಮಲ ಪಡೆದವರಲ್ಲಿ 24 ಜನರಿಗೆ ಆರಾಮ. ಅದಕ್ಕೆ ಎರಡು ವರ್ಷ ಮೊದಲು ಡೆನ್ಮಾರ್ಕ್‌ನಲ್ಲಿ ಮಲವನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟಾಗ ಉಲ್ಟಾ. ಮಲವಿಲ್ಲದ ಹುಸಿ ಕ್ಯಾಪ್ಸೂಲ್ ನುಂಗಿದವರೇ ಜಾಸ್ತಿ ಸುಧಾರಿಸಿದ್ದರು. 2019ರಲ್ಲಿ ದಾನಿಯ ಮಲದಲ್ಲಿದ್ದ ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾದಿಂದ ಒಬ್ಬ ರೋಗಿ ಸತ್ತಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಅಲ್ಲಿನ ಗ್ಯಾಸ್ಟ್ರೋ ತಜ್ಞರ ಸಂಘ ಐಬಿಎಸ್‌ಗೆ ಇದು ಬೇಡ ಅಂತಲೇ ಬರೆದಿದೆ.

ನಾನು ದಾನಿ ಮತ್ತು ಪ್ರಮಾಣದ ಮೇಲೆ ವಾದ ಹೂಡಿದೆ. ಎಂಟು ಲೀಟರ್ ಬೇಕಾದಲ್ಲಿ ಮೂರು ಹಾಕಿದವರ ಕಥೆ ಹೇಳಿದೆ. ಅವನು ಕೇಳಿದ, "ನಿನ್ನ ಎತ್ತಿನ ಹೊಟ್ಟ್ಯಾಗ ಜೀವಿಗಳು ಸತ್ತಾವು, ಖರೆ. ನಿನ್ನ ಹೊಟ್ಟ್ಯಾಗ ಸತ್ತಾವಂತ ಯಾರ್ ಹೇಳ್ಯಾರ? ಮೀಟಿಂಗ್ ಇಲ್ಲದ ದಿನ ಯಾಕ ಆರಾಮಿರ್ತೀ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲೇ ಮಾಡಿಕೊಂಡರೆ ಅಂತ ಬಾಯಿ ತೆಗೆಯುವಷ್ಟರಲ್ಲೇ ಬೈದ. ಈಗ ಅವನು ಬರೆದ ಗುಳಿಗೆ, ಗೋಧಿ ಕಡಿಮೆ, ಜೋಳದ ರೊಟ್ಟಿ, ಮಜ್ಜಿಗೆ. ನಾಲ್ಕು ಸಲ ಎರಡಕ್ಕೆ ಇಳಿದಿದೆ.

ಎಳ್ಳಮಾವಾಸ್ಯೆಯ ಆ ಎತ್ತು ಮೂರನೇ ದಿನ ಸಂಜೆ ಮೆಲುಕು ಹಾಕಿತು. ಮನೆಯವರು ಕೂತು ಎಣಿಸಿದರಂತೆ, ಒಂದು ಉಂಡೆಗೆ ಐವತ್ತು ಸಲ ಅಗಿದಿತ್ತು.

ಒಂದೇ ತೊಂದರೆ. ನನ್ನ ದಾನಿ ಎತ್ತಿನ ಒಡೆಯನ ಮಗ ಈಗ ವ್ಯವಹಾರ ಕಲಿತಿದ್ದಾನೆ. ಇನ್ನೂರು ಸಾಲದು, ಲೀಟರಿಗೆ ಅರವತ್ತು ಕೊಡ್ರಿ ಅಂದ. "ಏನೋ, ಹಾಲಿಗಿಂತ ತುಟ್ಟಿ ಆಯ್ತಲ್ಲ" ಅಂದೆ.

"ಹಾಲು ಎಲ್ಲಾರ ಮನ್ಯಾಗೂ ಸಿಗ್ತದ ಸಾಹೇಬ್ರ."

ನಲವತ್ತಕ್ಕೆ ಒಪ್ಪಿಸಿದ್ದೇನೆ.