ಹಳೇ ಸಿನಿಮಾ ಸ್ಟಿಲ್ಸ್: ಮೊದಲು ಬೆನ್ನು ನೋಡಿ

ತುಮಕೂರಿನಲ್ಲಿ ಬಹಳ ಕಾಲ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಡಿಜಿಟಲ್ ಬಂದು ಡಾರ್ಕ್ ರೂಮಿಗೆ ಬೀಗ ಬಿದ್ದ ಮೇಲೆ ಹಳೇ ಸಿನಿಮಾ ಫೋಟೋ ಕೂಡಿಡುವ ಗೀಳು ಹತ್ತಿತು. ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಲು ದುಡ್ಡೂ ಇಲ್ಲ, ಮನೆಯಲ್ಲಿ ಜಾಗವೂ ಇಲ್ಲ. ಅದಕ್ಕೇ ನಮ್ಮ ಜಿಲ್ಲೆಯ ನಂಟಿರುವವರು ಸಾಕು ಎಂದುಕೊಂಡೆ: ನಾಟಕ ಕಂಪನಿಯ ಗುಬ್ಬಿ ವೀರಣ್ಣ, ನಟಿ ಬಿ. ಜಯಮ್ಮ, ತಿಪಟೂರಿನ ಹಾಸ್ಯನಟ ನರಸಿಂಹರಾಜು, ಹೀಗೆ. ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿದ್ದವರೇ ಅಲ್ಲವೇ ಎಂದು ಕೇಳುತ್ತಾರೆ. ನಿಜ, ಆದರೆ ಅವರ ಫೋಟೋಗೆ ಬೀಳುವ ಪೈಪೋಟಿ ನನ್ನ ಪಿಂಚಣಿಯಿಲ್ಲದ ಜೇಬಿಗೆ ಆಗಿಬರುವುದಿಲ್ಲ.

ಹಾಸ್ಯನಟರ ಫೋಟೋ ಅಗ್ಗ ಅಂದುಕೊಂಡರೆ ಅದೂ ಇಲ್ಲ. ನನ್ನ ಕೈಗೆ ಬಂದ ಸ್ಟಿಲ್ಸ್‌ನಲ್ಲಿ ನರಸಿಂಹರಾಜು ಹೆಚ್ಚಾಗಿ ಯಾರದೋ ಪಕ್ಕದಲ್ಲಿ, ಇಲ್ಲವೇ ಗುಂಪಿನ ತುದಿಯಲ್ಲಿ. ಅವರೊಬ್ಬರೇ ಲೈಟಿನ ಮುಂದೆ ಕೂತು ತೆಗೆಸಿಕೊಂಡ ಪೋರ್ಟ್ರೇಟ್ ಸಿಕ್ಕರೆ ನಾನು ಚೌಕಾಸಿ ಮಾಡುವುದೇ ಇಲ್ಲ.

ಮಾಲು ಸಿಗುವುದು ಅಂಗಡಿಗಿಂತ ಅಟ್ಟದಲ್ಲಿ. ಮಂಡಿಪೇಟೆ ಕಡೆಯ ಗುಜರಿಯವರಿಗೆ ‘ಸಿನಿಮಾ ಫೋಟೋ ಬಂದರೆ ತೂಕಕ್ಕೆ ಹಾಕಬೇಡಿ, ನನಗೆ ಫೋನ್ ಮಾಡಿ’ ಎಂದು ಹೇಳಿಟ್ಟಿದ್ದೇನೆ. ಒಳ್ಳೆಯ ಕಟ್ಟು ಸಿಕ್ಕಿದ್ದು ಮಾತ್ರ ತುರುವೇಕೆರೆ ಕಡೆಯ ಒಬ್ಬ ಟೂರಿಂಗ್ ಟಾಕೀಸ್ ಆಪರೇಟರ್ ಮನೆಯಲ್ಲಿ. ಅವರು ತೀರಿಕೊಂಡಿದ್ದರು. ಟ್ರಂಕು ಇಳಿಸಿಕೊಟ್ಟ ಅಜ್ಜಿ, “ತಗಂಡೋಗಪ್ಪ, ಗೆದ್ಲಿಗೇ ಮಡಗಿರೋದು” ಅಂದರು. ಷೋಕೇಸಿಗೆ ಚುಚ್ಚಲು ರಟ್ಟಿಗೆ ಅಂಟಿಸಿದ್ದ ಫೋಟೋಗಳು. ಮೈದಾ ಅಂಟು ಅಂದರೆ ಹುಳಕ್ಕೆ ಹಬ್ಬದೂಟ, ಅಂಚೆಲ್ಲ ಜಾಲರಿಯಾಗಿತ್ತು. ಆದರೂ ರಟ್ಟಿನಿಂದ ಕೀಳಲು ಹೋಗಲಿಲ್ಲ. ನೀರು ಹಚ್ಚಿ ಬಿಡಿಸಲು ಹೋದರೆ ಚಿತ್ರ ಹೊತ್ತ ಮೇಲ್ಪದರ, ಎಮಲ್ಷನ್ನೇ ಎದ್ದು ಬರುತ್ತದೆ, ಇದು ಡಾರ್ಕ್ ರೂಮಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಫೋಟೋ ಕೈಗೆ ಬಂದರೆ ನಾನು ಮೊದಲು ಮುಖ ನೋಡುವುದಿಲ್ಲ, ತಿರುಗಿಸುತ್ತೇನೆ. ಸ್ಟುಡಿಯೋ ಸೀಲು, ಪೆನ್ಸಿಲ್ಲಿನಲ್ಲಿ ಬರೆದ ನಂಬರು, ಕಾಗದದ ಕಂಪನಿ ಹೆಸರು ಎಲ್ಲ ಇರುವುದು ಅಲ್ಲಿ. ಒಮ್ಮೆ ಒಬ್ಬರು 1954ರ ‘ಬೇಡರ ಕಣ್ಣಪ್ಪ’ದ ಒರಿಜಿನಲ್ ಸ್ಟಿಲ್ ಎಂದು ತಂದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ನರಸಿಂಹರಾಜು ಕೂಡ ಅದರಲ್ಲಿದ್ದಾರೆ; ಎದೆ ಡವಡವ ಅಂದಿದ್ದು ಸುಳ್ಳಲ್ಲ. ಬೆನ್ನು ಸವರಿದರೆ ಪ್ಲಾಸ್ಟಿಕ್ಕಿನ ನುಣುಪು. ಅದು ಆರ್‌ಸಿ ಪೇಪರು, ಅಂದರೆ ಎರಡೂ ಕಡೆ ಪ್ಲಾಸ್ಟಿಕ್ ಲೇಪವಿರುವ ಫೋಟೋ ಕಾಗದ. ನಮ್ಮ ಕಸುಬಿಗೆ ಅದು ಬಂದದ್ದೇ 1970ರ ಈಚೆಗೆ. ಅದಕ್ಕೆ ಹಿಂದಿನದೆಲ್ಲ ಫೈಬರ್ ಪೇಪರು: ಬೆನ್ನು ಬರೀ ಕಾಗದದಂತೆ ಒರಟು, ಒಣಹವೆಗೆ ಸುರುಳಿ ಸುತ್ತಿಕೊಳ್ಳುತ್ತದೆ. ಬೆನ್ನಲ್ಲಿ ‘ಇಂದು’ ಎಂದಿದ್ದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಲು. ಅಲ್ಲಿ ಉತ್ಪಾದನೆ ಶುರುವಾದದ್ದೇ 1967ರಲ್ಲಿ.

ಆಮೇಲೆ ಖೋಟಾ ನೋಟು ಹಿಡಿಯುವ ನೀಲಿ ಟಾರ್ಚು, ಅಂದರೆ ಯುವಿ ಲೈಟು. ಕತ್ತಲಲ್ಲಿ ಬೆಳಕು ಬಿಟ್ಟಾಗ ಕಾಗದ ಬೆಳ್ಳಗೆ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ ಎಂದರ್ಥ. ಫೋಟೋ ಕಾಗದಕ್ಕೆ ಅದು ಸೇರತೊಡಗಿದ್ದು 1950ರ ದಶಕದಲ್ಲಿ. ಹಾಗಾಗಿ ನಲವತ್ತರ ದಶಕದ್ದು ಎಂದು ಕೊಟ್ಟ ಫೋಟೋ ಹೊಳೆದರೆ ಮಾತು ಮುಗಿಯಿತು. ಹೊಳೆಯದಿದ್ದರೆ ಹಳೆಯದು ಎಂದೇನೂ ಅಲ್ಲ, ಹೊಳೆಯದ ಕಾಗದ ಆಮೇಲೂ ಬಂದಿದೆ.

ಕಾಪಿ ಪ್ರಿಂಟ್ ಹಿಡಿಯುವುದು ನನಗೆ ಇಷ್ಟದ ಕೆಲಸ. ಮೂಲ ಫೋಟೋವನ್ನೇ ಕ್ಯಾಮೆರಾದಲ್ಲಿ ತೆಗೆದು ಮತ್ತೆ ಪ್ರಿಂಟ್ ಹಾಕಿರುತ್ತಾರೆ. ಮೂಲೆಯಲ್ಲಿ ಪಿನ್ನಿನ ತೂತು ಕಾಣುತ್ತದೆ, ಬೆರಳಾಡಿಸಿದರೆ ಕಾಗದಕ್ಕೆ ತೂತೇ ಇಲ್ಲ. ಷೋಕೇಸಿನಲ್ಲಿ ತೂಗಿದ್ದು ಬೇರೆ, ನಮ್ಮ ಕೈಗೆ ಬಂದದ್ದು ಬೇರೆ! ನೆರಳಿನ ಭಾಗ ಇದ್ದಲಿನಂತೆ ಕಟ್ಟಿಕೊಂಡಿರುವುದೂ ಒಂದು ಗುರುತು. ಭೂತಗನ್ನಡಿಯಲ್ಲಿ ಚುಕ್ಕಿಚುಕ್ಕಿ ಕಂಡರಂತೂ ಅದು ಫೋಟೋವೇ ಅಲ್ಲ, ಪ್ರೆಸ್ಸಿನಲ್ಲಿ ಅಚ್ಚು ಹಾಕಿದ ಚಿತ್ರ.

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ತಂದ ಕಟ್ಟಿನಲ್ಲಿ ಹಾಲಿವುಡ್ ಪೋರ್ಟ್ರೇಟ್ ಕೂಡ ಸೇರಿಕೊಂಡಿದ್ದವು. ನನ್ನ ವ್ಯಾಪ್ತಿಯದಲ್ಲ, ಆದರೂ ಬಿಡಲು ಮನಸ್ಸು ಬರಲಿಲ್ಲ. 1930ರ ದಶಕದಲ್ಲಿ ಎಂಜಿಎಂ ಸ್ಟುಡಿಯೋದ ಫೋಟೋಗ್ರಾಫರ್ ಕ್ಲಾರೆನ್ಸ್ ಸಿಂಕ್ಲೇರ್ ಬುಲ್, ನಟಿ ಗ್ರೇಟಾ ಗಾರ್ಬೊ ಅವರನ್ನು ತೆಗೆದದ್ದು, ಫೋಟೋಗ್ರಾಫರ್ ಜಾರ್ಜ್ ಹರೆಲ್, ನಟಿ ಜೋನ್ ಕ್ರಾಫರ್ಡ್ ಅವರನ್ನು ತೆಗೆದದ್ದು ನೆಗೆಟಿವೇ 8×10 ಇಂಚಿನ ದೊಡ್ಡ ಕ್ಯಾಮೆರಾದಲ್ಲಿ. ಚಿತ್ರ ಹಿಗ್ಗಿಸುವ ಎನ್ಲಾರ್ಜರ್ ಹಂಗಿಲ್ಲ, ನೆಗೆಟಿವನ್ನು ಕಾಗದಕ್ಕೆ ಒತ್ತಿ ಕಾಂಟ್ಯಾಕ್ಟ್ ಪ್ರಿಂಟ್. ರೆಪ್ಪೆಯ ಕೂದಲು ಎಣಿಸಬಹುದು. ಕ್ರಾಫರ್ಡ್ ಮುಖದ ತುಂಬ ಇದ್ದ ಕಂದು ಚುಕ್ಕೆಗಳು ಮಾತ್ರ ಇಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಚ್ಚಿದ್ದಾರೆ. ಮದುವೆ ಹೆಣ್ಣಿನ ಫೋಟೋಗೆ ನಾವು ಇಲ್ಲಿ ಮಾಡುತ್ತಿದ್ದ ಟಚಿಂಗೂ ಅದೇ. ಆ ಕೈಚಳಕಕ್ಕೆ ಎಷ್ಟು ತಾಳ್ಮೆ ಬೇಕೆಂದು ಗೊತ್ತಿರುವುದರಿಂದ, ಹೆಸರಿಲ್ಲದ ಆ ಟಚಿಂಗ್‌ನವನ ಮೇಲೇ ನನಗೆ ಹೆಚ್ಚು ಗೌರವ.

ಕಾಪಿಡುವುದಕ್ಕೆ ದೊಡ್ಡ ವಿದ್ಯೆ ಬೇಡ. ಪಿವಿಸಿ ಕವರು, ಅಂಟು ಹಾಳೆಯ ಆಲ್ಬಂ, ಲ್ಯಾಮಿನೇಷನ್ ಮೂರೂ ಬೇಡ. ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ ಉಕ್ಕಿನ ಬೀರುವಿನಲ್ಲಿ ಮಲಗಿಸಿಡುತ್ತೇನೆ. ಹಿಂದೆ ಬರೆಯುವುದಿದ್ದರೆ ಅಂಚಿನಲ್ಲಿ, ಮೆತ್ತನೆ ಪೆನ್ಸಿಲ್ಲಿನಲ್ಲಿ. ಹಳದಿ ಕಲೆ ಬಿದ್ದವನ್ನು ಬೇರೆಯಾಗಿಡಿ: ಚಿತ್ರ ನಿಲ್ಲಿಸುವ ರಾಸಾಯನಿಕವಾದ ಹೈಪೋವನ್ನು ಸರಿಯಾಗಿ ತೊಳೆಯದ ಪ್ರಿಂಟು ಅದು, ಅಂದು ಉಳಿಸಿದ ನೀರಿಗೆ ಇಂದು ದಂಡ.

ಸಹಿ ಇರುವ ಫೋಟೋಗೆ ದುಪ್ಪಟ್ಟು ಕೇಳುತ್ತಾರೆ. ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ಶಾಯಿಯಾದರೆ ಹೊಳಪಿನ ಮೇಲೆ ಬೇರೆಯಾಗಿ ಕೂತಿರುವುದು ಗೊತ್ತಾಗುತ್ತದೆ. ಸಹಿಯೂ ಮುಖವೂ ಒಂದೇ ಮೈಯಲ್ಲಿ ಹೊಳೆದರೆ ಅದು ಚಿತ್ರದ ಜೊತೆಗೇ ಪ್ರಿಂಟಾದ ಸಹಿ, ಅದಕ್ಕೆ ಒಂದು ಕಾಸೂ ಹೆಚ್ಚು ಕೊಡಬೇಡಿ.