ಕಾಯಿಲೆ ಇಲ್ಲದ ಮಗುವನ್ನೂ ಸ್ವಲ್ಪ ವಿಚಾರಿಸಿಕೊಳ್ಳಿ

ಒಂದು ಮಗುವಿಗೆ ದೀರ್ಘಕಾಲದ ಕಾಯಿಲೆ ಇರುವ ಮನೆಯಲ್ಲಿ ಇನ್ನೊಂದು ಮಗು ಎಷ್ಟೋ ಸಲ ತಾನಾಗೇ ಸುಮ್ಮನಾಗಿಬಿಡುತ್ತದೆ. ಹಟ ಇಲ್ಲ, ಏನೂ ಕೇಳುವುದಿಲ್ಲ. ಎಷ್ಟು ಜಾಣ ಅಂತ ಎಲ್ಲರೂ ಹೊಗಳುತ್ತಾರೆ. ದಯವಿಟ್ಟು ಆ ಜಾಣತನವನ್ನೇ ಸ್ವಲ್ಪ ಗಮನಿಸಿ.

ಮೊದಲು ಕಾಯಿಲೆ ಬಗ್ಗೆ ನಿಜ ಹೇಳಿ. 'ನಾನು ಜಗಳ ಆಡಿದ್ದಕ್ಕೇ ಅಣ್ಣನಿಗೆ ಹೀಗಾಯ್ತು' ಅಂತ ಚಿಕ್ಕ ಮಕ್ಕಳು ಒಳಗೊಳಗೇ ಅಂದುಕೊಳ್ಳುವುದುಂಟು. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಕಾಯಿಲೆಯ ಹೆಸರು ತಿಳಿಸಿ, 'ಇದು ನಿನ್ನಿಂದ ಬಂದಿದ್ದಲ್ಲ' ಅಂತ ನೇರವಾಗಿ ಹೇಳಿ. ಒಂದೇ ಸಲ ಅಲ್ಲ, ಆಗಾಗ ಹೇಳುತ್ತಿರಿ.

ಆಸ್ಪತ್ರೆಗೆ ಹೊರಡುವ ಮುಂಚೆ, ಶಾಲೆಯಿಂದ ಯಾರು ಕರೆತರುತ್ತಾರೆ, ರಾತ್ರಿ ಯಾರ ಪಕ್ಕ ಮಲಗಬೇಕು ಅನ್ನುವುದನ್ನು ಹೇಳಿಬಿಡಿ. ದಿನಕ್ಕೆ 15 ನಿಮಿಷ ಆ ಮಗುವಿಗೇ ಮೀಸಲಿಡಿ. ಆಗ ಮಾತ್ರೆ, ರಿಪೋರ್ಟ್ ಮಾತು ಬೇಡ. 'ನಂಗೂ ಜ್ವರ ಬರ್ಲಿ' ಅಂದರೆ ಗದರಬೇಡಿ. 'ನಿಂಗೂ ಅಮ್ಮ ಬೇಕು ಅನ್ಸುತ್ತೆ, ಅಲ್ವಾ?' ಅಂತ ಹತ್ತಿರ ಕೂರಿಸಿಕೊಳ್ಳಿ.

ಕ್ಲಾಸ್ ಟೀಚರ್‌ಗೂ ವಿಷಯ ಗೊತ್ತಿರಲಿ. ಪದೇ ಪದೇ ಹೊಟ್ಟೆನೋವು, ನಿದ್ದೆ ಬಾರದಿರುವುದು, ಓದಿನಲ್ಲಿ ಹಿಂದೆ ಬೀಳುವುದು ವಾರಗಟ್ಟಲೆ ನಡೆದರೆ ಡಾಕ್ಟರಿಗೆ ತೋರಿಸಿ, ಮಕ್ಕಳ ಆಪ್ತಸಮಾಲೋಚಕರ ಬಗ್ಗೆಯೂ ಕೇಳಿ.